ವ್ಯವಸ್ಥೆಯನ್ನು ಅನುಮಾನಿಸಿದ ಬರಹಗಾರರು: ಯಾರನ್ನು ಆರಿಸಬೇಕು, ಎಲ್ಲಿಂದ ಓದಬೇಕು

ರೇಚಲ್ ಕಾರ್ಸನ್ ಮತ್ತು ಪೀಟರ್ ಡ್ಯೂಸ್‌ಬರ್ಗ್ ಇಬ್ಬರೂ ತಮ್ಮ ಕಾಲದ ಅಧಿಕೃತ ಅಭಿಪ್ರಾಯಕ್ಕೆ ಎದುರು ನಿಂತವರು. 1962ರಲ್ಲಿ ಕೀಟನಾಶಕಗಳ ಬಗ್ಗೆ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟಿಸಿದಾಗ ಕಾರ್ಸನ್ ಅವರ ಬೆನ್ನಿಗೆ ಯಾವ ವಿಶ್ವವಿದ್ಯಾಲಯವೂ ಇರಲಿಲ್ಲ, ಡಾಕ್ಟರೇಟ್ ಪದವಿಯೂ ಇರಲಿಲ್ಲ. ಸರ್ಕಾರಿ ನೌಕರಿಯನ್ನು 1952ರಲ್ಲೇ ಬಿಟ್ಟಿದ್ದರು. ಡ್ಯೂಸ್‌ಬರ್ಗ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿದ್ದರು. ಏಡ್ಸ್ ಬರುವುದು ಎಚ್‌ಐವಿಯಿಂದ ಅಲ್ಲ ಎಂದು ಅವರು 1987ರಿಂದ ವಾದಿಸುತ್ತ ಬಂದರು. ಕಾರ್ಸನ್ ಪುಸ್ತಕದ ಕೊನೆಗೆ ಆಕರಗಳ ಪಟ್ಟಿಯೇ ಐವತ್ತಕ್ಕೂ ಹೆಚ್ಚು ಪುಟ. ಕಂಪನಿಗಳು ಎಷ್ಟೇ ದಾಳಿ ಮಾಡಿದರೂ, 1963ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಸಮಿತಿ ಕೊಟ್ಟ ವರದಿ ಅವರ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಡ್ಯೂಸ್‌ಬರ್ಗ್ ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಸಿಗುತ್ತ ಹೋಯಿತು. 1996ರ ಹೊತ್ತಿಗೆ ಸಂಯುಕ್ತ ಔಷಧ ಚಿಕಿತ್ಸೆ ಬಂದು ಸಾವಿನ ಪ್ರಮಾಣ ಥಟ್ಟನೆ ಇಳಿಯಿತು. ಅವರ ವಾದ ಮಾತ್ರ ಬದಲಾಗಲಿಲ್ಲ. ಆ ವಾದಕ್ಕೆ ಕಿವಿಗೊಟ್ಟ ದಕ್ಷಿಣ ಆಫ್ರಿಕಾದ ಸರ್ಕಾರ ಔಷಧ ಹಂಚಿಕೆಯನ್ನು ತಡಮಾಡಿತು. ಇದರಿಂದ 2000ದಿಂದ 2005ರ ನಡುವೆ 3,30,000ಕ್ಕೂ ಹೆಚ್ಚು ಜೀವಗಳು ಹೋದವು ಎಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು.

ವ್ಯವಸ್ಥೆಯನ್ನು ಪ್ರಶ್ನಿಸುವ ಲೇಖಕರನ್ನು ಆರಿಸುವಾಗ ಈ ಜೋಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಧೈರ್ಯ ಇಬ್ಬರಿಗೂ ಇತ್ತು, ಇಬ್ಬರೂ ಒಂಟಿಯಾದರು. ಪದವಿಯ ತೂಕ ನೋಡಿದರೆ ತಪ್ಪಿದವರದ್ದೇ ಹೆಚ್ಚು. ಹಾಗಾಗಿ ಲೇಖಕ ಯಾರನ್ನು ಎದುರು ಹಾಕಿಕೊಂಡಿದ್ದಾನೆ ಎಂಬುದು ಆಯ್ಕೆಗೆ ಆಧಾರವಾಗದು. ತನ್ನ ಮಾತನ್ನು ಪರೀಕ್ಷಿಸಲು ಓದುಗನಿಗೆ ಏನು ಬಿಟ್ಟುಕೊಟ್ಟಿದ್ದಾನೆ ಎಂಬುದನ್ನು ನೋಡಬೇಕು.

ಕೈಗೆ ಬಂದ ಯಾವ ಪುಸ್ತಕಕ್ಕೂ ಹಾಕಬಹುದಾದ ಒಂದು ಪರೀಕ್ಷೆ ಇದೆ. ಪುಸ್ತಕದ ಆರಂಭ, ನಡು, ಕೊನೆಯಿಂದ ಒಂದೊಂದು ಅಡಿಟಿಪ್ಪಣಿ ಆರಿಸಿ ಮೂಲವನ್ನು ಹುಡುಕಿ ಓದಿ. ಒಂದೆರಡು ಗಂಟೆಯ ಕೆಲಸ. ಸಾಮಾನ್ಯವಾಗಿ ಕಾಣುವ ದೋಷಗಳು ಮೂರು ಬಗೆಯವು. ಮೂಲದಲ್ಲಿ ‘ಇರಬಹುದು’ ಎಂದಿದ್ದುದು ಪುಸ್ತಕದಲ್ಲಿ ‘ಇದೆ’ ಆಗಿರುತ್ತದೆ. ಒಂದು ದೇಶದ, ಒಂದು ವರ್ಷದ ಅಂಕಿ ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಅನ್ವಯವಾಗಿರುತ್ತದೆ. ಅಥವಾ ಟಿಪ್ಪಣಿ ಇನ್ನೊಬ್ಬ ಭಿನ್ನಮತೀಯನ ಪುಸ್ತಕಕ್ಕೆ, ಆ ಪುಸ್ತಕ ಮತ್ತೊಬ್ಬನಿಗೆ ಕೈತೋರಿಸಿ, ಕೊನೆಗೆ ದಾಖಲೆಯೇ ಸಿಗುವುದಿಲ್ಲ. ಮೂರರಲ್ಲಿ ಎರಡು ಕೆಟ್ಟಿದ್ದರೆ ಪುಸ್ತಕವನ್ನು ಪಕ್ಕಕ್ಕಿಡಿ. ಇದರ ಜೊತೆಗೆ ಇನ್ನೊಂದನ್ನೂ ಗಮನಿಸಿ: ವಿರುದ್ಧ ಸಾಕ್ಷ್ಯ ಬಂದಾಗ ಲೇಖಕ ಏನು ಮಾಡುತ್ತಾನೆ? ಪ್ರತಿ ಉತ್ತರವನ್ನೂ ಪಿತೂರಿಯ ಮತ್ತೊಂದು ಪುರಾವೆಯಾಗಿ ತಿರುಗಿಸಿಕೊಳ್ಳುವವನಿಂದ ಕಲಿಯುವುದು ಏನೂ ಇಲ್ಲ.

ಇನ್ನು ಆಯ್ಕೆಗೆ ಬರೋಣ. ನಿಮ್ಮ ಅನುಮಾನ ಯಾವುದರ ಮೇಲಿದೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಪ್ರಭುತ್ವವನ್ನು ಪ್ರಶ್ನಿಸುವ ಪುಸ್ತಕದಿಂದ ಪತ್ರಿಕೆಗಳು ಹೇಗೆ ನಡೆಯುತ್ತವೆ ಎಂಬುದು ತಿಳಿಯುವುದಿಲ್ಲ, ಪತ್ರಿಕೆಗಳ ಬಗೆಗಿನ ಪುಸ್ತಕದಿಂದ ಆಸ್ಪತ್ರೆಯ ವಿಚಾರ ತಿಳಿಯುವುದಿಲ್ಲ.

ಪ್ರಭುತ್ವದ ವಿಷಯದಲ್ಲಿ ನಾಲ್ವರ ಹೆಸರು ಮತ್ತೆಮತ್ತೆ ಬರುತ್ತದೆ: ಜೇಮ್ಸ್ ಸಿ. ಸ್ಕಾಟ್, ವಾಕ್ಲಾವ್ ಹಾವೆಲ್, ಚೆಸ್ವಾಫ್ ಮಿವೋಷ್, ಅಲೆಕ್ಸಾಂಡರ್ ಸೊಲ್ಜೆನಿತ್ಸಿನ್. ನಾಲ್ವರೂ ಒಂದೇ ವಿಷಯ ಬರೆದಂತೆ ಕಂಡರೂ ಅವರ ಪ್ರಶ್ನೆಗಳು ಬೇರೆಬೇರೆ.

ಒಳ್ಳೆಯ ಉದ್ದೇಶದ ಸರ್ಕಾರಿ ಯೋಜನೆಗಳು ಯಾಕೆ ಕೆಡುತ್ತವೆ ಎಂಬುದು ಸ್ಕಾಟ್ ಅವರ ಪ್ರಶ್ನೆ. 1998ರ ‘ಸೀಯಿಂಗ್ ಲೈಕ್ ಎ ಸ್ಟೇಟ್’ ಆರಂಭವಾಗುವುದು ಹದಿನೆಂಟನೇ ಶತಮಾನದ ಪ್ರಷ್ಯ ಮತ್ತು ಸ್ಯಾಕ್ಸನಿಯ ಕಾಡುಗಳಿಂದ. ಎಷ್ಟು ಮರ ಸಿಗುತ್ತದೆ ಎಂದು ಎಣಿಸಲು ಅನುಕೂಲವಾಗಲೆಂದು ಅರಣ್ಯಾಧಿಕಾರಿಗಳು ಮಿಶ್ರ ಕಾಡನ್ನು ಕಡಿದು, ಸ್ಪ್ರೂಸ್ ಮರವೊಂದನ್ನೇ ಸಾಲುಸಾಲಾಗಿ ನೆಟ್ಟರು. ಮೊದಲ ಸುತ್ತಿನ ಮರಗಳು ಸೊಗಸಾಗಿ ಬೆಳೆದವು. ಹಳೆಯ ಕಾಡು ಮಣ್ಣಿನಲ್ಲಿ ಕೂಡಿಟ್ಟಿದ್ದ ಸತ್ವವನ್ನು ಅವು ತಿಂದು ಬೆಳೆದಿದ್ದವು. ಪೊದೆ, ಕೊಳೆತ ದಿಮ್ಮಿ, ಹುಳು, ಹಕ್ಕಿ, ಶಿಲೀಂಧ್ರ ಯಾವುದೂ ಉಳಿಯದ ನೆಲದಲ್ಲಿ ಎರಡನೇ ಸುತ್ತು ಸೊರಗಿತು. ಲೆಕ್ಕದ ಪುಸ್ತಕಕ್ಕೆ ಸಿಗುವಷ್ಟನ್ನು ಮಾತ್ರ ನಿಜವೆಂದು ನಂಬಿದಾಗ ಆಗುವ ಅನಾಹುತ ಇದು. ಇದೇ ಕಣ್ಣಿನಿಂದ ಸ್ಕಾಟ್ ಬ್ರೆಜಿಲ್‌ನ ಯೋಜಿತ ರಾಜಧಾನಿ ಬ್ರೆಸಿಲಿಯಾವನ್ನೂ ಸೋವಿಯತ್ ಸಾಮೂಹಿಕ ಕೃಷಿಯನ್ನೂ ನೋಡುತ್ತಾರೆ. ಐವತ್ತು ಲಕ್ಷ ಜನರನ್ನು ಎತ್ತಂಗಡಿ ಮಾಡಿದ ತಾಂಜಾನಿಯದ ಹಳ್ಳಿ ಯೋಜನೆಯನ್ನೂ ಬಿಡುವುದಿಲ್ಲ. ಪುಸ್ತಕ ದೊಡ್ಡದು. ಸಮಯ ಕಡಿಮೆ ಇದ್ದರೆ ಪ್ರಸ್ತಾವನೆ, ಮೊದಲ ಎರಡು ಅಧ್ಯಾಯ, ತಾಂಜಾನಿಯದ ಏಳನೆಯದು, ಕೈಯನುಭವದ ಜ್ಞಾನವನ್ನು ಕುರಿತ ಒಂಬತ್ತನೆಯದು, ಇಷ್ಟು ಓದಿದರೆ ವಾದದ ಬೆನ್ನೆಲುಬು ಸಿಗುತ್ತದೆ. ಯೋಜನೆ ಎಂದರೇ ಕೆಟ್ಟದ್ದು ಎಂದು ಸ್ಕಾಟ್ ಹೇಳುತ್ತಾರೆಂದು ಭಾವಿಸಿ ತಪ್ಪುವವರು ಬಹಳ. ನಾಲ್ಕು ಸಂಗತಿಗಳು ಒಟ್ಟುಗೂಡಿದಾಗ ದುರಂತ ಸಂಭವಿಸುತ್ತದೆ ಎನ್ನುವುದು ಅವರ ವಾದ: ಸಮಾಜವನ್ನು ಲೆಕ್ಕಕ್ಕೆ ಇಳಿಸುವ ಆಡಳಿತ, ವಿಜ್ಞಾನದ ಹೆಸರಿನ ಅತಿ ಆತ್ಮವಿಶ್ವಾಸ, ಬಲವಂತಕ್ಕೆ ಹೇಸದ ಪ್ರಭುತ್ವ, ಎದುರಾಡಲಾಗದ ಸಮಾಜ. ಸಾಂಕ್ರಾಮಿಕ ರೋಗ ತಡೆಯುವಂಥ ಕೆಲಸಕ್ಕೆ ಪ್ರಭುತ್ವದ ಲೆಕ್ಕ ಬೇಕೇ ಬೇಕು ಎಂಬುದನ್ನು ಅವರೇ ಒಪ್ಪುತ್ತಾರೆ.

ಯಾರೂ ನಂಬದ ವ್ಯವಸ್ಥೆ ಹೇಗೆ ನಿಂತಿರುತ್ತದೆ ಎಂಬುದು ಹಾವೆಲ್ ಅವರ ಪ್ರಶ್ನೆ. 1978ರಲ್ಲಿ ಜೆಕೊಸ್ಲೊವಾಕಿಯದಲ್ಲಿ ಬರೆದ ‘ದ ಪವರ್ ಆಫ್ ದ ಪವರ್‌ಲೆಸ್’ ಒಂದು ದೀರ್ಘ ಪ್ರಬಂಧ. ಕಾರ್ಬನ್ ಹಾಳೆ ಇಟ್ಟು ಬೆರಳಚ್ಚು ಮಾಡಿದ ಪ್ರತಿಗಳು ಕೈಯಿಂದ ಕೈಗೆ ಹೋದವು. ತರಕಾರಿ ಅಂಗಡಿಯವನೊಬ್ಬ ‘ಜಗತ್ತಿನ ಕಾರ್ಮಿಕರೇ, ಒಂದಾಗಿ’ ಎಂಬ ಫಲಕ ತೂಗುಹಾಕಿದ್ದಾನೆ. ಅದನ್ನು ಅವನೂ ಓದುವುದಿಲ್ಲ, ಗಿರಾಕಿಯೂ ಓದುವುದಿಲ್ಲ. ಫಲಕದ ನಿಜವಾದ ಅರ್ಥ ‘ನಾನು ಹೇಳಿದಂತೆ ಕೇಳುವವನು, ನನ್ನನ್ನು ನನ್ನ ಪಾಡಿಗೆ ಬಿಡಿ’ ಎಂದು. ಅಲ್ಲಿಂದ ಹಾವೆಲ್ ಒಂದೊಂದೇ ಎಳೆ ಬಿಡಿಸುತ್ತ ಹೋಗುತ್ತಾರೆ. ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ನಾಲ್ವರಲ್ಲಿ ಒಬ್ಬರನ್ನೇ ಓದುವುದಾದರೆ ಇದನ್ನೇ ಆರಿಸಿ. ಫಲಕ ತೆಗೆದರೆ ನೌಕರಿಯೂ ಮಕ್ಕಳ ಓದೂ ಹೋಗುವ ದೇಶದ ಬರಹ ಇದು ಎಂಬುದನ್ನು ಮರೆತು, ಕಚೇರಿಯ ಪ್ರತಿ ಕಿರಿಕಿರಿಗೂ ಇದನ್ನು ಅನ್ವಯಿಸಿದರೆ ಅದರ ಮೊನೆ ಮೊಂಡಾಗುತ್ತದೆ.

ಮಿವೋಷ್ ಅವರ ‘ದ ಕ್ಯಾಪ್ಟಿವ್ ಮೈಂಡ್’ (1953) ಬುದ್ಧಿವಂತರು ತಮ್ಮನ್ನು ತಾವೇ ಹೇಗೆ ಒಪ್ಪಿಸಿಕೊಳ್ಳುತ್ತಾರೆ ಎಂಬುದರ ಅಧ್ಯಯನ. ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ಎಂಬ ಹೆಸರಿನಡಿ ನಾಲ್ವರು ಬರಹಗಾರರ ಚಿತ್ರಗಳಿವೆ, ಅವೇ ಪುಸ್ತಕದ ಜೀವ. ಬರೆಯುವ, ಪಾಠ ಹೇಳುವ, ಸುದ್ದಿಮನೆಯಲ್ಲಿರುವ ಓದುಗರಿಗೆ ಹಾವೆಲ್‌ಗಿಂತ ಇದು ಹೆಚ್ಚು ತಟ್ಟುತ್ತದೆ. ಸೋವಿಯತ್ ಸೆರೆಶಿಬಿರಗಳನ್ನು ಕುರಿತ ಸೊಲ್ಜೆನಿತ್ಸಿನ್ ಅವರ ‘ಗುಲಾಗ್ ಆರ್ಕಿಪೆಲಗೊ’ ಮೂರು ಸಂಪುಟ. 227 ಮಂದಿಯ ಸಾಕ್ಷ್ಯವನ್ನು ಗುಟ್ಟಾಗಿ ಕಲೆಹಾಕಿ ಬರೆದದ್ದು. ಮೊದಲ ಸಂಪುಟ 1973ರ ಕೊನೆಗೆ ಪ್ಯಾರಿಸ್‌ನಲ್ಲಿ ಅಚ್ಚಾಯಿತು. ಲೇಖಕರ ಒಪ್ಪಿಗೆಯಿಂದಲೇ ಎಡ್ವರ್ಡ್ ಎರಿಕ್ಸನ್ ಸಿದ್ಧಪಡಿಸಿದ ಒಂದೇ ಸಂಪುಟದ ಇಂಗ್ಲಿಷ್ ಸಂಕ್ಷಿಪ್ತ ಆವೃತ್ತಿ 1985ರಿಂದ ಸಿಗುತ್ತಿದೆ. ಮೊದಲ ಓದಿಗೆ ಅದು ಧಾರಾಳ ಸಾಕು. ಬಂಧನ ಮತ್ತು ವಿಚಾರಣೆಯ ಅಧ್ಯಾಯಗಳನ್ನು ಮಾತ್ರ ಮೂಲದಲ್ಲೇ ಪೂರ್ತಿ ಓದಬೇಕು. ಒಂದೊಂದು ವಿವರವೂ ಅಲ್ಲಿ ಬೇಕಾದದ್ದೇ.

ಶಾಲೆ, ವೈದ್ಯಕೀಯ, ಸಾರಿಗೆ ಈ ಮೂರನ್ನೂ ಬುಡದಿಂದ ಅಲುಗಾಡಿಸಿದವರು ಇವಾನ್ ಇಲಿಚ್. ಇವರನ್ನು ಓದುವುದಾದರೆ ಕ್ರಮ ಮುಖ್ಯ. ಹೆಚ್ಚಿನವರು 1971ರ ‘ಡೀಸ್ಕೂಲಿಂಗ್ ಸೊಸೈಟಿ’ಯಿಂದ ಶುರುಮಾಡಿ, ಅದರ ಒಂದೆರಡು ಘೋಷಣೆಗಳನ್ನು ಹಿಡಿದುಕೊಂಡು ಅಲ್ಲೇ ನಿಲ್ಲುತ್ತಾರೆ. 1974ರ ‘ಎನರ್ಜಿ ಅಂಡ್ ಇಕ್ವಿಟಿ’ ಎಂಬ ಸಣ್ಣ ಪುಸ್ತಕದಿಂದ ಆರಂಭಿಸಿ. ಅದರಲ್ಲಿ ಪರೀಕ್ಷಿಸಬಹುದಾದ ಒಂದು ಲೆಕ್ಕವಿದೆ: ಸಾಮಾನ್ಯ ಅಮೆರಿಕನ್ನನು ವರ್ಷಕ್ಕೆ 1600 ಗಂಟೆಗೂ ಹೆಚ್ಚು ಕಾಲವನ್ನು ಕಾರಿಗೆ ಕೊಡುತ್ತಾನೆ, ಅದರಿಂದ 7500 ಮೈಲಿ ಹೋಗುತ್ತಾನೆ. ಓಡಿಸುವ ಹೊತ್ತಿನ ಜೊತೆ ಕಂತು, ಇಂಧನ, ವಿಮೆ, ತೆರಿಗೆಗಾಗಿ ದುಡಿಯುವ ಹೊತ್ತೂ ಸೇರಿದರೆ ವೇಗ ಗಂಟೆಗೆ ಐದು ಮೈಲಿಯೂ ಇಲ್ಲ. ಇದನ್ನು ನಿಮ್ಮದೇ ಅಂಕಿಗಳಿಂದ ಮಾಡಿ ನೋಡಿ. ವಾಹನದ ವಾರ್ಷಿಕ ಒಟ್ಟು ಖರ್ಚನ್ನು ಕೈಗೆ ಬರುವ ಗಂಟೆಯ ಸಂಪಾದನೆಯಿಂದ ಭಾಗಿಸಿ, ರಸ್ತೆಯಲ್ಲಿ ಕಳೆದ ಗಂಟೆಗಳನ್ನು ಕೂಡಿಸಿ, ಹೋದ ದೂರವನ್ನು ಆ ಮೊತ್ತದಿಂದ ಭಾಗಿಸಬೇಕು. ವಾಹನದ ಬೆಲೆಯನ್ನು ಬಳಸುವ ವರ್ಷಗಳಿಗೆ ಹಂಚದೆ ಒಂದೇ ವರ್ಷಕ್ಕೆ ಹಾಕಿದರೆ ಲೆಕ್ಕ ಕೆಡುತ್ತದೆ. ಸಂಪಾದನೆ ಹೆಚ್ಚಿದ್ದವರ ವೇಗ ಹೆಚ್ಚು, ಕಡಿಮೆ ಇದ್ದವರದ್ದು ಕಡಿಮೆ ಎಂಬುದು ಲೆಕ್ಕ ಮಾಡಿದೊಡನೆ ಕಾಣುತ್ತದೆ. ಇಲಿಚ್ ಹೇಳಹೊರಟ ಅಸಮಾನತೆಯೂ ಅದೇ.

ಅದಾದ ಮೇಲೆ ‘ಡೀಸ್ಕೂಲಿಂಗ್ ಸೊಸೈಟಿ’. ಪಾಠ ಹೇಳಿಸಿಕೊಂಡದ್ದನ್ನೇ ಕಲಿಕೆಯೆಂದೂ ಪ್ರಮಾಣಪತ್ರವನ್ನೇ ಯೋಗ್ಯತೆಯೆಂದೂ ಶಾಲೆ ನಂಬಿಸುತ್ತದೆ ಎಂಬ ಟೀಕೆಗಷ್ಟೇ ನಿಲ್ಲದೆ ಆರನೇ ಅಧ್ಯಾಯದವರೆಗೂ ಹೋಗಬೇಕು. ಪರ್ಯಾಯವೇನು ಎಂಬುದು ಅಲ್ಲಿದೆ: ಕಲಿಕೆಯ ಸಾಧನಗಳು ಎಲ್ಲರ ಕೈಗೆ ಸಿಗುವ ಏರ್ಪಾಡು, ಕೌಶಲಗಳ ವಿನಿಮಯ, ಒಂದೇ ಆಸಕ್ತಿಯವರನ್ನು ಜೋಡಿಸುವ ಜಾಲ, ಕಲಿಸಬಲ್ಲವರ ಪಟ್ಟಿ. ಬಡವರ ಮಕ್ಕಳಿಗೆ ಆ ಪ್ರಮಾಣಪತ್ರವೇ ಹೊರಬರುವ ಏಕೈಕ ಬಾಗಿಲಾಗಿರಬಹುದು ಎಂಬ ಪ್ರಶ್ನೆಗೆ ಪುಸ್ತಕದ ಉತ್ತರ ಸಾಲದು. ವೈದ್ಯಕೀಯ ಕುರಿತ ‘ಮೆಡಿಕಲ್ ನೆಮೆಸಿಸ್’ (1975) ಕೊನೆಗಿರಲಿ. ಚಿಕಿತ್ಸೆಯೇ ತರುವ ಹಾನಿ, ಬದುಕೆಲ್ಲವೂ ವೈದ್ಯರ ವಶವಾಗುವುದು, ನೋವು ಮತ್ತು ಸಾವನ್ನು ಎದುರಿಸುವ ಶಕ್ತಿಯನ್ನೇ ಕಳೆದುಕೊಳ್ಳುವುದು ಎಂಬ ಮೂರು ಹಂತಗಳ ವಿಂಗಡಣೆ ಇಂದಿಗೂ ಗಟ್ಟಿ. ಆದರೆ ಔಷಧ, ಲಸಿಕೆಗಳ ಪಾತ್ರವನ್ನು ಇಲಿಚ್ ತೀರ ಕಡಿಮೆ ಅಂದಾಜು ಮಾಡಿದರು. ಪುಸ್ತಕ ಬಂದ ಎರಡೇ ವರ್ಷಕ್ಕೆ, 1977ರಲ್ಲಿ, ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ ಸೊಮಾಲಿಯದಲ್ಲಿ ದಾಖಲಾಯಿತು, ಲಸಿಕೆಯ ಬಲದಿಂದ. ಈ ಪುಸ್ತಕವನ್ನು ನಂಬಿ ಯಾರೂ ಔಷಧ ನಿಲ್ಲಿಸಬಾರದು. ಸಂಸ್ಥೆಯ ವಿಮರ್ಶೆ ಬೇರೆ, ಚಿಕಿತ್ಸೆಯ ಸಲಹೆ ಬೇರೆ.

ಇಲಿಚ್ ಜೊತೆ ಗಾಂಧಿಯವರ ‘ಹಿಂದ್ ಸ್ವರಾಜ್’ (1909) ಇಟ್ಟು ಓದಿದರೆ ಲಾಭ ಹೆಚ್ಚು. ರೈಲು, ವಕೀಲರು, ವೈದ್ಯರು ಅಲ್ಲಿಯೂ ಗುರಿ. ಸಂಪಾದಕ ಮತ್ತು ಓದುಗನ ಸಂವಾದವಾಗಿ ಬರೆದಿರುವುದರಿಂದ ನಮ್ಮ ಮನಸ್ಸಿನಲ್ಲಿ ಏಳುವ ಆಕ್ಷೇಪಗಳು ಪುಸ್ತಕದೊಳಗೇ ಏಳುತ್ತವೆ. ಇಲಿಚ್ ಅಂಕಿ ಕೊಡುತ್ತಾರೆ, ಗಾಂಧಿ ನೀತಿಯ ಪ್ರಶ್ನೆ ಕೇಳುತ್ತಾರೆ.

ಪತ್ರಿಕೆಗಳ ವಿಷಯದಲ್ಲಿ ಎಡ್ವರ್ಡ್ ಹರ್ಮನ್ ಮತ್ತು ನೋಮ್ ಚಾಮ್‌ಸ್ಕಿ ಅವರ ‘ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್’ (1988) ಎಲ್ಲರೂ ಸೂಚಿಸುವ ಪುಸ್ತಕ. ಮಾಲೀಕತ್ವ, ಜಾಹೀರಾತು, ಅಧಿಕೃತ ಮೂಲಗಳ ಮೇಲಿನ ಅವಲಂಬನೆ, ವಿರೋಧದ ಒತ್ತಡ, ಕಮ್ಯುನಿಸ್ಟ್ ವಿರೋಧ ಎಂಬ ಐದು ಸೋಸುಗಗಳನ್ನು ದಾಟಿದ್ದು ಸುದ್ದಿಯಾಗುತ್ತದೆ ಎನ್ನುವ ವಾದ. ಐದನೆಯದು ಶೀತಲ ಸಮರದ ಕಾಲಕ್ಕೆ ಸೇರಿದ್ದರಿಂದ 2002ರ ಆವೃತ್ತಿಯನ್ನೇ ಕೊಳ್ಳಿ. ಅದರ ಹೊಸ ಪ್ರಸ್ತಾವನೆ ಸಿದ್ಧಾಂತವನ್ನು ಮುಂದಿನ ಕಾಲಕ್ಕೆ ಒಯ್ಯುತ್ತದೆ. ಸಿದ್ಧಾಂತಕ್ಕಿಂತ ಬೆಲೆಬಾಳುವುದು ಅದರ ವಿಧಾನ. 1984ರಲ್ಲಿ, ಆಗ ಕಮ್ಯುನಿಸ್ಟ್ ಆಡಳಿತವಿದ್ದ ಪೋಲೆಂಡಿನಲ್ಲಿ ಪೊಲೀಸರು ಕೊಂದ ಪಾದ್ರಿ ಪೊಪಿಯೆವುಷ್ಕೊ ಅವರಿಗೆ ಸಿಕ್ಕ ಪ್ರಚಾರವನ್ನು, ಅಮೆರಿಕದ ಸ್ನೇಹಿತ ಸರ್ಕಾರಗಳಿದ್ದ ಲ್ಯಾಟಿನ್ ಅಮೆರಿಕದಲ್ಲಿ ಕೊಲೆಯಾದ ಧಾರ್ಮಿಕರಿಗೆ ಸಿಕ್ಕ ಪ್ರಚಾರದೊಂದಿಗೆ ಅವರು ಎಣಿಸಿ ಹೋಲಿಸಿದರು. ಇದನ್ನು ಯಾವ ಪತ್ರಿಕೆಗೂ ಮಾಡಬಹುದು. ಒಂದೇ ಬಗೆಯ ಎರಡು ಘಟನೆ ಆರಿಸಿ, ಮೊದಲ ಮೂವತ್ತು ದಿನದ ವರದಿಗಳನ್ನು ಎಣಿಸಿ. ಎಷ್ಟು ಮುಖಪುಟಕ್ಕೆ ಬಂದವು, ‘ಹತ್ಯೆ’ ಎಂದು ಬರೆದರೋ ‘ಸಾವು’ ಎಂದೋ, ಹೇಳಿಕೆ ಕೊಟ್ಟವರು ಯಾರು ಎಂದು ಗುರುತಿಸಿ. ಜೋಡಿಯ ಆಯ್ಕೆಯೇ ಫಲಿತಾಂಶವನ್ನು ನಿರ್ಧರಿಸಿಬಿಡುವ ಅಪಾಯ ಇಲ್ಲಿದೆ. ಅದಕ್ಕೇ ಎಣಿಸುವ ಮೊದಲೇ ಜೋಡಿಯನ್ನು ಬರೆದಿಡಬೇಕು, ಬೇಕಾದ ಉತ್ತರ ಬರಲಿಲ್ಲವೆಂದು ಬದಲಿಸಬಾರದು.

ಆದರೂ ಈ ಪುಸ್ತಕವೊಂದನ್ನೇ ಓದಿದವರು ಪತ್ರಿಕೆಗಳಲ್ಲಿ ಬರುವುದೆಲ್ಲ ಸುಳ್ಳು ಎಂಬ ತೀರ್ಮಾನಕ್ಕೆ ಬೇಗ ಬಂದುಬಿಡುತ್ತಾರೆ. ಅದಕ್ಕೆ ಮದ್ದು ಅಮೆರಿಕದ ಪತ್ರಕರ್ತ ಐ. ಎಫ್. ಸ್ಟೋನ್. 1953ರಿಂದ 1971ರವರೆಗೆ ನಾಲ್ಕು ಪುಟದ ಪತ್ರಿಕೆಯನ್ನು ಜಾಹೀರಾತಿಲ್ಲದೆ ನಡೆಸಿದವರು. ಗುಟ್ಟಿನ ಮೂಲಗಳನ್ನು ನೆಚ್ಚಿಕೊಂಡವರಲ್ಲ. ಸರ್ಕಾರ ತಾನೇ ಅಚ್ಚುಹಾಕಿದ ವಿಚಾರಣೆಯ ನಡಾವಳಿ, ವರದಿ, ಅನುಬಂಧಗಳನ್ನು ಕೊನೆಯ ಪುಟದವರೆಗೂ ಓದುತ್ತಿದ್ದರು. 1957ರಲ್ಲಿ ನೆವಾಡದ ನೆಲದಡಿ ನಡೆದ ಅಣು ಪರೀಕ್ಷೆ 200 ಮೈಲಿಯಾಚೆ ಪತ್ತೆಯಾಗಲಿಲ್ಲ ಎಂದು ಅಣುಶಕ್ತಿ ಆಯೋಗ ಹೇಳಿತು. ದೂರದ ಊರುಗಳಲ್ಲಿ ಕಂಪನ ದಾಖಲಾಯಿತೆಂಬ ಪತ್ರಿಕೆಯ ಸಣ್ಣ ಸುದ್ದಿಗಳನ್ನು ಸ್ಟೋನ್ ಎತ್ತಿಟ್ಟುಕೊಂಡಿದ್ದರು. ಸರ್ಕಾರದ್ದೇ ಭೂಮಾಪನ ಇಲಾಖೆಯನ್ನು ಕೇಳಿದಾಗ 2000 ಮೈಲಿಗೂ ಆಚೆ ಅಲಾಸ್ಕಾದಲ್ಲಿ ದಾಖಲಾಗಿದ್ದುದು ಹೊರಬಿತ್ತು. ಆಯೋಗ ತಿದ್ದಿಕೊಳ್ಳಬೇಕಾಯಿತು. ಸಂಸ್ಥೆಯನ್ನು ಅನುಮಾನಿಸುವ ಕೆಲಸ ಆ ಸಂಸ್ಥೆಯದೇ ಕಾಗದಗಳಿಂದ ನಡೆಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸೋವಿಯತ್ ಒಕ್ಕೂಟದ ಬಗ್ಗೆ ಬಹುಕಾಲ ಮೃದುವಾಗಿದ್ದ ಸ್ಟೋನ್, 1956ರಲ್ಲಿ ಅಲ್ಲಿಗೆ ಹೋಗಿಬಂದು ಕಂಡದ್ದನ್ನು ಕಟುವಾಗಿ ಬರೆದರು, ಚಂದಾದಾರರನ್ನು ಕಳೆದುಕೊಂಡರು.

ತಮ್ಮ ಪಾಳೆಯದ ವಿರುದ್ಧ ಬರೆಯುವುದರಲ್ಲಿ ಮೇಲ್ಪಂಕ್ತಿ, ಎಡಪಂಥೀಯ ಜಾರ್ಜ್ ಆರ್ವೆಲ್ ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ ಬಂದು ಬರೆದ ‘ಹೋಮೇಜ್ ಟು ಕ್ಯಾಟಲೋನಿಯಾ’ (1938). ಅವರ ಎಂದಿನ ಪ್ರಕಾಶಕರು ಬರೆಯುವ ಮುಂಚೆಯೇ ಬೇಡವೆಂದರು. ಅಚ್ಚಾದ 1500 ಪ್ರತಿಗಳು ಅವರು ಬದುಕಿರುವವರೆಗೆ ಖರ್ಚಾಗಲಿಲ್ಲ. ಆವೃತ್ತಿಯ ಬಗ್ಗೆ ಒಂದು ಎಚ್ಚರ: ಪಕ್ಷಗಳ ಜಗಳವನ್ನೂ ಪತ್ರಿಕೆಗಳ ಸುಳ್ಳನ್ನೂ ವಿವರಿಸುವ ಎರಡು ಅಧ್ಯಾಯಗಳನ್ನು ಹಳೆಯ ಆವೃತ್ತಿಗಳಲ್ಲಿ ಕಥನದ ನಡುವೆ, 1986ರ ನಂತರದ ಕೆಲವು ಆವೃತ್ತಿಗಳಲ್ಲಿ ಆರ್ವೆಲ್ ಇಚ್ಛೆಯಂತೆ ಕೊನೆಯ ಅನುಬಂಧದಲ್ಲಿ ಇಟ್ಟಿದ್ದಾರೆ. ಅನುಬಂಧವೆಂದು ಬಿಟ್ಟರೆ ಪುಸ್ತಕದ ಮುಖ್ಯ ಸಾಕ್ಷ್ಯವನ್ನೇ ಬಿಟ್ಟಂತೆ.

ನಗರ ಯೋಜನೆಯ ಬಗ್ಗೆ ಜೇನ್ ಜೇಕಬ್ಸ್ ಅವರ 1961ರ ಪುಸ್ತಕ ‘ದ ಡೆತ್ ಅಂಡ್ ಲೈಫ್ ಆಫ್ ಗ್ರೇಟ್ ಅಮೆರಿಕನ್ ಸಿಟೀಸ್’ ಒಂದಿದ್ದರೆ ಸಾಕು. ಪಕ್ಷ ರಾಜಕಾರಣದ ಬಗ್ಗೆ ಸಿಮೋನ್ ವೇಲ್ 1943ರಲ್ಲಿ ಬರೆದ, ಪಕ್ಷಗಳನ್ನೇ ರದ್ದುಮಾಡಬೇಕೆನ್ನುವ ಕಿರುಪ್ರಬಂಧ ಒಂದು ಸಂಜೆಯ ಓದು. ಪರಿಹಾರವನ್ನು ಒಪ್ಪದವರಿಗೂ ಅದರ ರೋಗನಿರ್ಣಯ ಉಪಯೋಗಕ್ಕೆ ಬರುತ್ತದೆ.

ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ ಅವರನ್ನು ಮಾತ್ರ ಪೆನ್ಸಿಲ್ ಹಿಡಿದೇ ಓದಬೇಕು. ಕಲ್ಪನೆಗಳು ಹೊಳೆಯುತ್ತವೆ, ವಿವರಗಳಲ್ಲಿ ಸಡಿಲ. ‘ಡೆಟ್’ (2011) ಮೊದಲ ಮುದ್ರಣದಲ್ಲಿ ಆ್ಯಪಲ್ ಕಂಪನಿಯ ಹುಟ್ಟಿನ ಬಗ್ಗೆ ಬರೆದ ವಾಕ್ಯ ಪೂರ್ತಿ ತಪ್ಪು. ‘ಬುಲ್‌ಶಿಟ್ ಜಾಬ್ಸ್’ (2018) ಆಧಾರವಾಗಿಟ್ಟುಕೊಂಡ ಸಮೀಕ್ಷೆಯಲ್ಲಿ ಬ್ರಿಟನ್ನಿನ 37 ಶೇಕಡಾ ನೌಕರರು ತಮ್ಮ ಕೆಲಸದಿಂದ ಜಗತ್ತಿಗೆ ಅರ್ಥಪೂರ್ಣ ಕೊಡುಗೆ ಇಲ್ಲವೆಂದಿದ್ದರು. 2021ರಲ್ಲಿ ಬಂದ ಅಧ್ಯಯನವೊಂದು ಯುರೋಪಿನ ದೊಡ್ಡ ಸಮೀಕ್ಷೆಯ 2015ರ ಮಾಹಿತಿ ತೆಗೆದು ನೋಡಿದಾಗ, ತಾವು ಉಪಯುಕ್ತ ಕೆಲಸ ಮಾಡುತ್ತಿಲ್ಲ ಎಂದವರು 4.8 ಶೇಕಡಾ ಮಾತ್ರ. ಪ್ರಶ್ನೆಗಳೇ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಎದುರುಬದುರು ಇಡಲಾಗದು. ಹಾಗಿದ್ದರೂ ಇಷ್ಟು ದೊಡ್ಡ ಅಂತರವನ್ನು ತಿಳಿದೇ ಪುಸ್ತಕ ತೆರೆಯಬೇಕು.

ಇಂದು ಚಂದಾ ಹಣದಿಂದ ಬದುಕುವ ಸ್ವತಂತ್ರ ಬರಹಗಾರರನ್ನು ಆರಿಸುವುದಾದರೆ ಇನ್ನೊಂದು ಅಪಾಯವನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಜಾಹೀರಾತುದಾರನ ಹಂಗು ಇಲ್ಲದಿದ್ದರೂ ಓದುಗರ ಹಂಗು ಇದ್ದೇ ಇರುತ್ತದೆ. ಹಣ ಕೊಡುವವರು ಕೇಳಬಯಸುವುದನ್ನೇ ವಾರವಾರ ಇನ್ನಷ್ಟು ಜೋರಾಗಿ ಹೇಳುವ ಒತ್ತಡ ಅದು. ಚಂದಾ ಕಟ್ಟುವ ಮೊದಲು ಮೂರು ವರ್ಷ ಹಿಂದಿನ ಹತ್ತು ಬರಹ ತೆಗೆದು ಓದಿ. ಆಗ ಹೇಳಿದ ಭವಿಷ್ಯ ಏನಾಯಿತು, ತಪ್ಪಾದದ್ದನ್ನು ಬಹಿರಂಗವಾಗಿ ತಿದ್ದಿದರೋ ಸದ್ದಿಲ್ಲದೆ ಅಳಿಸಿದರೋ, ತಮ್ಮ ಓದುಗರಿಗೆ ಇಷ್ಟವಾಗದ ಒಂದಾದರೂ ಬರಹ ಇದೆಯೋ ನೋಡಿ. ಒಂದು ಕ್ಷೇತ್ರದಲ್ಲಿ ಬಲವಾಗಿ ಬರೆದವರು ಲಸಿಕೆ, ಯುದ್ಧ, ಹವಾಮಾನ, ಹಣಕಾಸು ಎಲ್ಲದರ ಮೇಲೂ ಅಷ್ಟೇ ಖಚಿತವಾಗಿ ಬರೆಯಲು ಶುರುಮಾಡಿದರೆ ಆ ಹೊಸ ಬರಹಗಳಿಗೆ ಅಡಿಟಿಪ್ಪಣಿಯ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಹಾಕಿ.

ಹೊಸಬರಿಗೆ ಮೂರು ತಿಂಗಳ ಓದು ಎಂದರೆ ಹಾವೆಲ್, ನಂತರ ‘ಎನರ್ಜಿ ಅಂಡ್ ಇಕ್ವಿಟಿ’, ನಂತರ ಸ್ಕಾಟ್ ಅವರ ಆಯ್ದ ಅಧ್ಯಾಯಗಳು, ಕೊನೆಗೆ ಆರ್ವೆಲ್. ಸತತವಾಗಿ ಮೂವರು ಒಂದೇ ಪಾಳೆಯದವರನ್ನು ಓದಬೇಡಿ. ಪ್ರತಿ ಪುಸ್ತಕಕ್ಕೂ ಅದರ ಅತ್ಯುತ್ತಮ ಖಂಡನೆಯೊಂದನ್ನು ಜೋಡಿಸಿ. ಗೇಲಿ ಮಾಡಿ ತಳ್ಳಿಹಾಕುವ ವಿಮರ್ಶೆ ಬೇಡ, ಪುಸ್ತಕದ ವಾದವನ್ನು ಲೇಖಕನೇ ಒಪ್ಪುವಂತೆ ಮೊದಲು ಹೇಳಿ ನಂತರ ಎದುರಿಸುವಂಥದ್ದು ಬೇಕು. ಈ ಜೋಡಿ ಒಂದೇ ರಟ್ಟಿನೊಳಗೆ ಸಿಗುವ ಕೃತಿಯೂ ಇದೆ. ಅಂಬೇಡ್ಕರ್ ಅವರ ‘ಜಾತಿ ವಿನಾಶ’ 1936ರಲ್ಲಿ ಲಾಹೋರಿನ ಸಭೆಗಾಗಿ ಸಿದ್ಧವಾದ ಭಾಷಣ. ಕರೆದವರೇ ಅದರ ಮಾತುಗಳಿಗೆ ಹೆದರಿ ಸಭೆ ರದ್ದುಮಾಡಿದಾಗ ಅಂಬೇಡ್ಕರ್ ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚುಹಾಕಿಸಿದರು. 1937ರ ಎರಡನೇ ಮುದ್ರಣಕ್ಕೆ ಗಾಂಧಿಯವರ ಆಕ್ಷೇಪವನ್ನೂ ಅದಕ್ಕೆ ತಮ್ಮ ಉತ್ತರವನ್ನೂ ಸೇರಿಸಿದರು. ಭಾಷಣವಷ್ಟೇ ಇರುವ ತೆಳು ಮುದ್ರಣಗಳೂ ಮಾರಾಟದಲ್ಲಿವೆ. ಕೊಳ್ಳುವಾಗ ಪರಿವಿಡಿ ತೆರೆದು, ಗಾಂಧಿಯವರ ಲೇಖನ, ಅಂಬೇಡ್ಕರ್ ಉತ್ತರ, ಸಭೆಯ ಆಯೋಜಕರೊಂದಿಗಿನ ಪತ್ರವ್ಯವಹಾರ ಮೂರೂ ಇವೆಯೇ ಎಂದು ನೋಡಿಕೊಳ್ಳಿ.